ಚಾಲು ಅಂದರೆ ಸಾಕು

ನಾರಾಯಣಗೂಡದ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಬ್ಯಾಸ್ಕೆಟ್‌ಬಾಲ್ ಕಲಿಸುತ್ತಿದ್ದ ಗುರುರಾಜ ಸರ್ ಅವರ ಕೋಣೆಯಲ್ಲಿ ಒಂದು ಗಾಜಿನ ಕಪಾಟು, ಅದರ ತುಂಬ ಕಪ್ಪುಗಳು. ಹೋದವರು ಅವುಗಳ ಕಥೆ ಕೇಳಿದರೆ ಸರ್ ಕಪಾಟಿನ ಕಡೆ ತಿರುಗಿಯೂ ನೋಡದೆ ಸಾಬಮ್ಮನ ಕಥೆ ಶುರು ಮಾಡುತ್ತಿದ್ದರು. ಅದು ಯಾವ ಪಂದ್ಯದ್ದೂ ಅಲ್ಲ, ಅದರಲ್ಲಿ ಒಂದು ಪಾಯಿಂಟೂ ಇಲ್ಲ.

ಅವರ ತಂದೆ ಗದಗಿನಿಂದ ಈ ತೆಲುಗು ಊರಿಗೆ ಬಂದು ರಕ್ಷಣಾ ಇಲಾಖೆಯ ಕಾರ್ಖಾನೆ ಸೇರಿದವರು. ಹಾಗಾಗಿ ಗುರುರಾಜರಿಗೆ ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು, ಸಿಟ್ಟು ಬಂದರೆ ಹಿಂದಿ. ಮೈದಾನದಲ್ಲಿ ಅವರದು ಒಂದೇ ಕಾನೂನು: ಓಡು ಅಂದಾಗ ಓಡಬೇಕು, ನಿಲ್ಲು ಅಂದಾಗ ನಿಲ್ಲಬೇಕು. ಚೆಂಡನ್ನು ಬುಟ್ಟಿಗೆ ಹಾಕುವುದು ಯಾರಿಗೆ ಬೇಕಾದರೂ ಬರುತ್ತದೆ, ಐದು ಜನ ಒಂದು ಮಾತು ಕೇಳಿದರೆ ಅದೇ ಗೆಲುವು ಎಂದು ಇಪ್ಪತ್ತು ವರ್ಷ ನಂಬಿಕೊಂಡು ಬಂದ ಮನುಷ್ಯ. ಪುಣ್ಯಾತ್ಮರ ಬಾಯಿಂದ ಒಂದು ಹೊಗಳಿಕೆ ಮಾತ್ರ ಯಾವ ಹುಡುಗಿಗೂ ಬಿದ್ದದ್ದಿಲ್ಲ.

ಇಸವಿ ಎರಡು ಸಾವಿರ. ಊರಿಗೆ ಊರೇ ಕಂಪ್ಯೂಟರ್ ಹಿಂದೆ ಬಿದ್ದಿತ್ತು. ಆಟದ ಹುಡುಗಿಯರೂ ಸಂಜೆಯಾದರೆ ಗಡಿಯಾರ ನೋಡುವವರೇ; ಅಮೀರ್‌ಪೇಟೆಯ ಕ್ಲಾಸಿಗೆ ಬಸ್ಸು ತಪ್ಪಬಾರದು. ಅಂಥ ವರ್ಷ ಸಾಬಮ್ಮ ಆಯ್ಕೆಗೆ ಬಂದಳು. ಬಾಗಿಲಲ್ಲಿ ತಲೆ ತಗ್ಗಿಸಬೇಕಾದಷ್ಟು ಎತ್ತರ, ಕೇಳಿದ್ದಕ್ಕೆ ಅರೆಬರೆ ಹಿಂದಿಯಲ್ಲಿ ಒಂದೊಂದೇ ಮಾತು. ತೆಲುಗು ಸೀಮೆಯ ಪಾಲಮೂರಿನ ಕಡೆಯವಳಿರಬೇಕೆಂದು ಸರ್ ತಾವೇ ತೀರ್ಮಾನಿಸಿಕೊಂಡರು. ಆಟದ ಕೋಟಾದಲ್ಲಿ ಅವಳಿಗೆ ಸೀಟು ಸಿಕ್ಕಿತು, ಹಾಸ್ಟೆಲಿನಲ್ಲಿ ಊಟ ಸಿಕ್ಕಿತು. ತಂಡ ಬಿಟ್ಟರೆ ಎರಡೂ ಹೋದಂತೆ.

ಮೊದಲ ದಿನವೇ ತಕರಾರು. ಸೀಟಿ ಊದುವುದು ಆಟಕ್ಕೆ ಮಾತ್ರ, ಓಟಕ್ಕೆ ಬಾಯಿಮಾತೇ. ಮೈದಾನ ಸುತ್ತುತ್ತಿದ್ದವರಿಗೆ ಸರ್ ಕೈ ಬೀಸಿ 'ಚಾಲು' ಎಂದರು. ತೆಲುಗಿನಲ್ಲಿ ಹಾಗೆಂದರೆ ಸಾಕು ಎಂದರ್ಥ. ಎಲ್ಲರೂ ನಿಂತರು, ಸಾಬಮ್ಮ ನಿಲ್ಲಲಿಲ್ಲ. ಇವರು ಇನ್ನೊಮ್ಮೆ ಗಟ್ಟಿಯಾಗಿ ಕೂಗಿದರು, ಅವಳು ಇನ್ನೂ ಜೋರಾಗಿ ಓಡಿದಳು. ಮೂರು ವಾರ ಇದೇ ಹಾಡು. ಉಳಿದವರು ಚೀಲ ಹೆಗಲಿಗೇರಿಸಿ ಹೋಗುತ್ತಿದ್ದರು. ಸರ್ ಗಂಟಲು ಹರಿಯುವಂತೆ ಕೂಗಿ, ಸೋತು, ಬೈದುಕೊಳ್ಳುತ್ತ ಸ್ಕೂಟರ್ ಹತ್ತುತ್ತಿದ್ದರು. ಸಿಟ್ಟಿನ ಜೊತೆಗೆ ಒಂದು ಅಳುಕೂ ಇತ್ತು. ಇಂಥ ದಮ್ಮು ಅವರು ಯಾರಲ್ಲೂ ಕಂಡಿರಲಿಲ್ಲ. ಆದರೂ ಕಾನೂನು ಕಾನೂನೇ. ಮಾತು ಕೇಳದವಳು ತಂಡಕ್ಕೆ ಬೇಡವೆಂದು ಪ್ರಿನ್ಸಿಪಾಲರಿಗೆ ಕಾಗದ ಬರೆದಿಟ್ಟು, ಅವಳ ಮನೆಯವರನ್ನು ಕರೆಸಿದರು.

ತಾಯಿ ಹುಸೇನಮ್ಮ ಬಂದಳು. ಹೊಸ ಕಂಪನಿಗಳ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಡೆ ಇಟ್ಟಿಗೆ ಹೊರುವವಳು. ಅವತ್ತಿನ ಕೆಲಸ ಬಿಟ್ಟು ಲಿಂಗಂಪಲ್ಲಿಯಿಂದ ಕೋಠಿ ಬಸ್ಸು ಹಿಡಿದಿದ್ದಳು. ಉಗುರಿನ ಸಂದಿಯಲ್ಲಿ ಇನ್ನೂ ಸಿಮೆಂಟು. ನಿಮ್ಮ ಮಗಳು ನನ್ನ ಮಾತು ಕೇಳುವುದಿಲ್ಲ, ನಾಳೆಯಿಂದ ತಂಡದಲ್ಲಿ ಇಲ್ಲ ಎಂದು ಸರ್ ಹಿಂದಿಯಲ್ಲಿ ಹೇಳಿದರು. ಅವಳಿಗೆ ಅರ್ಧ ತಿಳಿಯಿತು, ಅಷ್ಟಕ್ಕೇ ಮುಖ ಇಳಿದುಹೋಯಿತು. ಪಕ್ಕದಲ್ಲಿ ನಿಂತಿದ್ದ ಮಗಳ ಕಡೆ ತಿರುಗಿ ತಗ್ಗಿದ ದನಿಯಲ್ಲಿ ಕೇಳಿದಳು.

"ಸರ್ ಹೇಳಿದ್ದು ಕೇಳಲಿಲ್ಲೇನ ನೀ?"

"ಚಾಲೂ ಅಂದ್ರವ್ವಾ, ಚಾಲೂನೇ ಇಟ್ಟೀನಿ. ದಿನಾ ಅವ್ರು ಗೇಟ್ ದಾಟೂತನಾ ನಿಂತಿಲ್ಲ."

ಕಾಗದ ಹಿಡಿದಿದ್ದ ಗುರುರಾಜರ ಕೈ ಅಲ್ಲೇ ನಿಂತಿತು. ಇದು ತಮ್ಮ ಮನೆಯ ಮಾತು. ಗದಗಿನ ಅಜ್ಜಿ ದಿನಾ ಬೆಳಿಗ್ಗೆ ಹಿಟ್ಟಿನ ಗಿರಣಿ ಚಾಲೂ ಆಯಿತೇನೆಂದು ಕೇಳುತ್ತಿದ್ದಳಲ್ಲ, ಅದೇ ಚಾಲೂ. ಶುರು ಮಾಡು, ನಡೆಸು, ನಿಲ್ಲಿಸಬೇಡ. ಮೂರು ವಾರ ಸಾಕು ಸಾಕು ಎಂದು ಇವರು ಕೂಗಿದ್ದಷ್ಟೂ ಆ ಹುಡುಗಿಗೆ ಓಡು ಓಡು ಎಂದೇ ಕೇಳಿಸಿತ್ತು. ಇಡೀ ತಂಡದಲ್ಲಿ ಇವರ ಮಾತನ್ನು ಪ್ರಾಣ ಒತ್ತೆಯಿಟ್ಟು ಪಾಲಿಸಿದವಳು ಇವಳೊಬ್ಬಳೇ. ನಗು ಬರಬೇಕಿತ್ತು, ಬರಲಿಲ್ಲ.

ಉಳಿದವರು ನಿಂತದ್ದು ಕಾಣಲಿಲ್ಲವೇ ಎಂದು ಕನ್ನಡದಲ್ಲೇ ಕೇಳಿದರು. ತಾಯಿ ಮಗಳು ಇಬ್ಬರೂ ಬೆಚ್ಚಿಬಿದ್ದರು. ಅವರಿಗೆಲ್ಲ ಕಂಪ್ಯೂಟರ್ ಕ್ಲಾಸು ಇರುತ್ತದೆ, ಹೋಗುತ್ತಾರೆ, ಪುಕ್ಕಟೆ ಸೀಟಿನವಳೆಂದು ನನಗೊಬ್ಬಳಿಗೇ ಹೇಳುತ್ತೀರಿ ಅಂದುಕೊಂಡೆ ಎಂದಳು ಸಾಬಮ್ಮ.

"ಕಾಲು ನೋಯಲಿಲ್ಲೇನವ್ವಾ? ಇನ್ನೂ ಎಷ್ಟೊತ್ತು ಓಡ್ಲಿ ಅಂತ ಒಮ್ಮೆರ ಕೇಳಬಾರದಾ?" ಎಂದರು ಸರ್.

"ಭಾಳ ನೋಯ್ತಿದ್ವು ರೀ. ಆದ್ರ ನೀವು ಒಮ್ಮಿನೂ ಸಾಕು ಅನ್ನಲಿಲ್ಲಲ್ರೀ ಸರ್."

ಅವಳು ದೂರುವ ದನಿಯಲ್ಲಿ ಹೇಳಲಿಲ್ಲ, ಇದ್ದದ್ದು ಇದ್ದ ಹಾಗೆ ಹೇಳಿದಳು. ಗುರುರಾಜರಿಗೆ ಮಾತ್ರ ಇಪ್ಪತ್ತು ವರ್ಷಗಳಲ್ಲಿ ತಾವು ಕಲಿಸಿದ ಹುಡುಗಿಯರೆಲ್ಲ ಸಾಲಾಗಿ ನಿಂತು ಅದನ್ನೇ ಹೇಳಿದಂತಾಯಿತು. ಕಪ್ಪು ತಂದವರು, ಸೋತು ಅತ್ತವರು, ಮೊಣಕಾಲು ಒಡೆದುಕೊಂಡೂ ಆಡಿದವರು. ಭೇಷ್, ಇಷ್ಟು ಸಾಕು ಎಂದು ಅವರಲ್ಲಿ ಒಬ್ಬಳಿಗೂ ಅಂದಿರಲಿಲ್ಲ. ಕಣ್ಣು ತುಂಬಿದ್ದು ಕಾಣದಿರಲೆಂದು ಕಿಟಕಿಯ ಕಡೆ ತಿರುಗಿ ಕಾಗದವನ್ನು ನಾಲ್ಕು ಚೂರು ಮಾಡಿದರು.

ಆ ಸಂಜೆ ಹುಸೇನಮ್ಮ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು. ಓಟದ ಹೊತ್ತು ಮುಗಿಯಿತು. ಸರ್ ಕೈ ಎತ್ತಿದರು. ಆ ಮೈದಾನದಲ್ಲಿ ಮೊದಲ ಸಲ ಅವರ ಬಾಯಿಂದ ಕನ್ನಡ ಬಂತು.

"ಸಾಕವ್ವಾ, ಸಾಕು."

ಸಾಬಮ್ಮ ನಿಂತಳು. ಉಳಿದ ಹುಡುಗಿಯರಿಗೆ ಆ ಮಾತು ಗೊತ್ತಿರಲಿಲ್ಲ. ಅವರು ಅವಳನ್ನು ದಾಟಿ ಓಡುತ್ತಲೇ ಇದ್ದರು, ಸರ್ ಒಂದು ಸುತ್ತಿನವರೆಗೆ ತಡೆಯಲೂ ಇಲ್ಲ.