ಸಾವಿರದ ಒಂಬತ್ತನೆಯವಳ ಜಾಗ

ಕೊರೊನಾ ಕಳೆದು ಶಾಲಾ ಮೈದಾನಗಳು ಮತ್ತೆ ತುಂಬಿದ ವರ್ಷ. ನನ್ನ ನಿವೃತ್ತಿಗೆ ಇನ್ನೆರಡು ವರ್ಷವಿತ್ತು. ಮದ್ದೂರು ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಕನಾಗಿದ್ದ ನನಗೆ, ಸ್ವಾತಂತ್ರ್ಯ ದಿನಕ್ಕೆ ಮಂಡ್ಯದ ಮೈದಾನದಲ್ಲಿ ಮೂರು ತಾಲ್ಲೂಕುಗಳ ಮಕ್ಕಳ ಸಾಮೂಹಿಕ ಕವಾಯತು ನಡೆಸುವ ಹೊಣೆ ಬಂತು. ಒಟ್ಟು 1008 ಮಕ್ಕಳು. ಸಾಲಿಗೆ 36ರಂತೆ 28 ಸಾಲು. ಸಾಲು ಒಂದಿಷ್ಟು ಸೊಟ್ಟಗಾದರೂ ಅಂದು ನನಗೆ ಊಟ ಸೇರುತ್ತಿರಲಿಲ್ಲ.

ಕೊನೆಯ ತಾಲೀಮಿನ ಬೆಳಿಗ್ಗೆ ಬೆಸಗರಹಳ್ಳಿಯ ಅಜ್ಜಿಯೊಬ್ಬರು ಮೊಮ್ಮಗಳು ಭವ್ಯಳನ್ನು ಕರೆತಂದರು. ಅವಳು ಜ್ವರದಲ್ಲಿ ಮಲಗಿದ್ದಾಗ ಅವಳ ಜಾಗಕ್ಕೆ ಹೊಳಲಿನ ಹುಡುಗಿಯೊಬ್ಬಳನ್ನು ಸೇರಿಸಿಕೊಂಡಿದ್ದೆ. ಆಕೆಯೂ ಎಲ್ಲ ಕಲಿತಿದ್ದಳು. ಈಗ ಮಕ್ಕಳು 1009.

"ಜಾಗ ಇಲ್ಲ ಕಣವ್ವ. ಬರೋ ವರ್ಷ ನೋಡೋಣ."

"ಬರೋ ವರ್ಸ ಕಾಲೇಜಿಗೆ ಓಯ್ತಾಳೆ. ಸಾವ್ರ ಮಕ್ಳು ನಿಲ್ಲೋ ತಾವ ನಮ್ಮ ಕೂಸೊಂದ್ಕೆ ಜಾಗ ಇಲ್ವಾ? ಏನ್ ಮೇಷ್ಟ್ರಪ್ಪ ನೀವು!"

ಬಿಳಿ ಸಮವಸ್ತ್ರ ತೊಟ್ಟೇ ಬಂದಿದ್ದ ಭವ್ಯ ನೆಲ ನೋಡುತ್ತ ನಿಂತಿದ್ದಳು. ಒಬ್ಬಳನ್ನೇ ಮುಂದೆ ನಿಲ್ಲಿಸೋಣವೆಂದರೆ ಅಲ್ಲಿ ಬಾವುಟದವರ ಸಾಲಿತ್ತು.

ಮಳವಳ್ಳಿಯ ಮಕ್ಕಳೊಂದಿಗೆ ಗಣಿತದ ಶಿಕ್ಷಕಿ ಸರೋಜಮ್ಮ ಬಂದಿದ್ದರು. ಬೇರೆ ಸಾಲು ಹೊಂದಿಸಿಕೊಡಿ ಎಂದೆ. ಅವರು ಮಣ್ಣಿನ ಮೇಲೆ ಕಡ್ಡಿಯಿಂದ ಗೀಚಿ, ಮೂವತ್ತೊಂದರವರೆಗೆ ಭಾಗಿಸಿ ನೋಡಿ ನಕ್ಕರು.

"ಇದು ಅವಿಭಾಜ್ಯ ಸಂಖ್ಯೆ ಸಾರ್. ಒಂದು ಬಿಟ್ರೆ ಅದೇ. ಬೇರೆ ಯಾವುದ್ರಿಂದ್ಲೂ ಭಾಗ ಹೋಗಲ್ಲ. ಸಮಸಾಲೇ ಬೇಕಂದ್ರೆ ಎಲ್ರನ್ನೂ ಒಂದೇ ಸಾಲಲ್ಲಿ ಮದ್ದೂರಿನ ಕಡೆಗೆ ನಿಲ್ಸಿ!"

"ತಮಾಷೆ ಬುಡಿ ಮೇಡಂ. ಒಬ್ಳು ಹೊರಗುಳೀತಾಳೆ."

"ಉಳಿಯಲ್ಲ. ನಾಲ್ಕರಿಂದ ಭಾಗಿಸಿದಾಗ ಒಂದು ಶೇಷ ಬರೋ ಅವಿಭಾಜ್ಯ ಸಂಖ್ಯೆ ಯಾವಾಗ್ಲೂ ಎರಡು ವರ್ಗಗಳ ಮೊತ್ತ. 28ರ ವರ್ಗ 784, 15ರ ವರ್ಗ 225. ಕೂಡಿ ನೋಡಿ."

ಕೂಡಿದೆ. ಸರಿಯಾಗಿ 1009! ಅಂದರೆ 28 ಮಕ್ಕಳ 28 ಸಾಲಿನ ದೊಡ್ಡ ಚೌಕ, 15 ಮಕ್ಕಳ 15 ಸಾಲಿನ ಸಣ್ಣ ಚೌಕ.

"ನನ್ನ ಸರ್ವಿಸ್ಸಲ್ಲೇ ಎರಡು ಚೌಕ ನಿಲ್ಸಿಲ್ಲ ಮೇಡಂ."

"ದೊಡ್ಡದು ಕಬ್ಬಿನ ಗದ್ದೆ, ಸಣ್ಣದು ಆಲೆಮನೆ ಅಂದ್ಕೊಳ್ಳಿ."

ಅಜ್ಜಿ ಬಿಡಲಿಲ್ಲ. "ಅಂಗೇ ಮಾಡಿ ಮೇಷ್ಟ್ರೇ. ಆಲೆಮನೆ ಇಲ್ದೆ ಬೆಲ್ಲ ಎಲ್ಲಿಂದ ಬತ್ತದೆ?"

ನಗುತ್ತಲೇ ಹಳೆಯ ಸುಣ್ಣದ ಗೆರೆಗಳನ್ನು ಅಳಿಸಿ ಹೊಸದನ್ನು ಎಳೆದೆವು. ಆಗ ನನ್ನ ಕಣ್ಣಿಗೂ ಒಂದು ಸಂಗತಿ ಬಿತ್ತು: 28 ಸರಿಸಂಖ್ಯೆ, ಆ ಚೌಕದ ನಟ್ಟನಡುವೆ ಯಾರೂ ನಿಲ್ಲಲಾಗದು. 15 ಬೆಸ, ಅದರ ನಡುವೆ ಒಬ್ಬರಿಗೆ, ಒಬ್ಬರಿಗೆ ಮಾತ್ರ, ಜಾಗವಿದೆ. ಭವ್ಯಳನ್ನು ಅಲ್ಲಿ ನಿಲ್ಲಿಸಿ ಸೀಟಿ ಊದಿದೆ.

ಸ್ವಾತಂತ್ರ್ಯ ದಿನದಂದು ಎರಡೂ ಚೌಕಗಳ ಕೈಗಳು ಒಟ್ಟಿಗೆ ಮೇಲೆದ್ದಾಗ ಮೈದಾನವಿಡೀ ಚಪ್ಪಾಳೆ. ಅದರ ನಡುವೆಯೂ ಅಜ್ಜಿ ಪಕ್ಕದಾಕೆಗೆ ಕೂಗಿ ಹೇಳಿದ್ದು ನನಗೆ ಕೇಳಿಸಿತು: "ಅಗೋ, ನಟ್ಟ ನಡುವೆ! ನಮ್ಮ ಕೂಸನ್ನ ಉಡುಕೋ ಕೆಲ್ಸಾನೇ ಇಲ್ಲ ಕಣಮ್ಮ!"

ಆಮೇಲಿನ ಎರಡು ವರ್ಷವೂ ತಾಲೀಮಿಗೆ ಲೆಕ್ಕ ಮೀರಿ ಮಕ್ಕಳು ಬಂದರು. ಜಾಗವಿಲ್ಲ ಎನ್ನುವ ಮೊದಲು ನಾನು ಸುಣ್ಣದ ಡಬ್ಬಿ ಕೈಗೆತ್ತಿಕೊಳ್ಳುತ್ತಿದ್ದೆ. ಗೆರೆ ಎಳೆದವನು ಅದನ್ನು ಅಳಿಸಿ ಮತ್ತೆ ಎಳೆಯಲೂಬಹುದು ಎಂದು ಆ ಕೆಲಸ ನನಗೆ ಕಲಿಸಿತ್ತು.