ಹಿಂದಿನ ಸೀಟಿನ ಭಾರ

ಇಂಥದ್ದನ್ನು ಬೇರೆಯವರು ಹೇಳಿದರೆ ನಗುತ್ತಿದ್ದವನು ನಾನು. ನಮ್ಮ ಎಸ್ಟೇಟಿನ ಕೂಲಿ ಲೈನಿನ ಮನೆಗಳಲ್ಲಿ ಮೊದಲು ಡಿಗ್ರಿ ಮಾಡಿದವನು ನಾನೇ. ರಜೆಯಲ್ಲೆಲ್ಲ ಕಾಫಿ ಕೊಯ್ದು ಓದಿದ್ದೇನೆ. ಯಾರಾದರೂ ಭೂತ, ಗಾಳಿ ಎಂದರೆ ಮೈಮೇಲೆ ಬಿದ್ದು ವಾದ ಮಾಡುತ್ತಿದ್ದೆ. ಈಗ ಬರೆಯುವಾಗ ಹೆದರಿಕೆಗಿಂತ ನಾಚಿಕೆಯೇ ಹೆಚ್ಚು.

ಕೆಲವು ವರ್ಷಗಳ ಹಿಂದೆ ಆಲ್ದೂರಿನ ಮೆಕ್ಯಾನಿಕ್ ಸಲೀಂ ಅವರ ಹತ್ತಿರ ಒಂದು ಹಳೆಯ ಸ್ಪೋರ್ಟ್-ಟೂರಿಂಗ್ ಬೈಕ್ ಕೊಂಡೆ. ದೂರದ ಪ್ರಯಾಣಕ್ಕೆಂದೇ ಮಾಡಿದ ದೊಡ್ಡ ಗಾಡಿ; ಹಿಂದಿನ ಸೀಟು ನನ್ನ ಅವ್ವನ ಎದೆಯೆತ್ತರ. ಮೊದಲ ಸವಾರಿ ಅವಳದ್ದೇ ಆಗಬೇಕೆಂದು ಜೊತೆಗೆ ಕರೆದೊಯ್ದಿದ್ದೆ.

"ಇದು ಬೈಕೋ ಕುದುರೆಯೋ ಮಾರಾಯ?" ಅಂದಳು.

"ಹತ್ತಿ ಅಮ್ಮಾ, ಕುದುರೆ ಆದ್ರೆ ಒದೀತದೆ, ಇದು ಒದೆಯಲ್ಲ," ಎಂದು ಸಲೀಂ ನಗುತ್ತಾ ಅವಳ ತಲೆಗೆ ಹೆಲ್ಮೆಟ್ ಹಾಕಿದರು.

ಸಂಜೆ, ಮಂಜು ಇಳಿಯುತ್ತಿತ್ತು. ನಾನು ಎಂಜಿನ್ ಶುರು ಮಾಡಿ ಮುಂದೆ ನೋಡುತ್ತ ಕುಳಿತಿದ್ದೆ. ಯಾರೋ ಹತ್ತಿ ಕೂತ ಭಾರಕ್ಕೆ ಬೈಕಿನ ಹಿಂಭಾಗ ತುಸು ಕುಸಿಯಿತು. ಒಂದು ಕೈ ಹೆಗಲ ಮೇಲೆ ಬಂದು ಮೆಲ್ಲಗೆ ತಟ್ಟಿತು. ಹೊರಟೆ.

ವಸ್ತಾರೆಯ ನಮ್ಮ ಮನೆಯವರೆಗೂ ಆ ಕೈ ಅಲ್ಲೇ ಇತ್ತು. ತಿರುವು ಬಂದರೆ ಬಿಗಿಯಾಗುತ್ತಿತ್ತು. ಮುಖ ಕಾಣುವುದಿಲ್ಲವಲ್ಲ ಎಂಬ ಧೈರ್ಯಕ್ಕೆ, ಎಂದೂ ಹೇಳದ್ದನ್ನು ಹೇಳಿದೆ. "ಅವ್ವಾ, ದಾರೀಲಿ ಇಂಬಳ ಕಚ್ಚಿ ರಕ್ತ ಹೀರುತ್ತೆ ಅಂತ ಅಳ್ತಿದ್ದೆ. ನಿನ್ನ ಹೆಗಲ ಮೇಲೆ ಕೂತೇ ಅಲ್ವಾ ನಾನು ಶಾಲೆ ಕಂಡಿದ್ದು." ಇನ್ನೂ ಏನೇನೋ ಹೇಳಿದೆ. ಕಣ್ಣು ತುಂಬಿಬಂತು. ಕೈ ಹೆಗಲನ್ನು ಒತ್ತಿತು.

ಮನೆ ಮುಂದೆ ನಿಲ್ಲಿಸಿದಾಗ ಸೀಟು ಹಗುರಾಯಿತು. ಬಾಗಿಲಿಗೆ ಬಂದ ತಂಗಿ ಕೇಳಿದಳು, "ಅವ್ವ ಎಲ್ಲೋ?"

ತಿರುಗಿದೆ. ಯಾರೂ ಇಲ್ಲ. ದಾರಿಯಲ್ಲಿ ಬಿದ್ದಳೇ ಎಂದು ಜೀವವೇ ಹೋಯಿತು. ಜೇಬಿನಲ್ಲಿ ಫೋನ್ ಬಡಿದುಕೊಳ್ಳುತ್ತಿತ್ತು. ಸಲೀಂ.

"ಸರ್, ಅಮ್ಮ ಇಲ್ಲೇ ಇದ್ದಾರೆ. ಹತ್ತಲಿಕ್ಕೆ ಸ್ಟೂಲ್ ತರೋದ್ರೊಳಗೆ ನೀವು ಹೋಗೇಬಿಟ್ರಲ್ಲ!"

ಮರಳಿ ಹೋದರೆ, ಅಂಗಡಿ ಮುಂದೆ ಅದೇ ಸ್ಟೂಲಿನ ಮೇಲೆ ಹೆಲ್ಮೆಟ್ ಸಮೇತ ಕೂತಿದ್ದಳು. ಬಸ್ಸಿಗೆ ಕಾಯುವವರೆಲ್ಲ ನೋಡುತ್ತಿದ್ದರು.

"ಕೂಗ್ತಾನೇ ಇದ್ದೆ. ಇಷ್ಟು ಓದಿ, ಹಿಂದೆ ಯಾರಿದ್ದಾರೆ ಅಂತ ನೋಡೋದು ಕಲೀಲಿಲ್ವಲ್ಲೋ!"

ಜನ ನಕ್ಕರು. ಹೆಲ್ಮೆಟ್ ಬಿಚ್ಚಲು ನಾನು ಬಗ್ಗಿದಾಗ ಅವಳು ನನಗಷ್ಟೇ ಕೇಳುವಂತೆ ಅಂದಳು: "ನನ್ನನ್ನ ಕೂರಿಸ್ಕಳ್ಳಕ್ಕೆ ನಾಚಿಕೆ ಆಯ್ತೇನೋ ಅಂದ್ಕಂಡೆ."

ವಾಪಸು ಬರುವಾಗ ನಿಜವಾಗಿಯೂ ಅವಳೇ ಹಿಂದೆ ಕೂತಿದ್ದಳು. ಆ ಮಾತುಗಳನ್ನು ಮತ್ತೆ ಹೇಳಿದ್ದರೆ ಸಾಕಿತ್ತು. ಬಾಯಿ ಬರಲಿಲ್ಲ. ಇವತ್ತಿನವರೆಗೂ ಬಂದಿಲ್ಲ.

ಹಳೇ ಸಸ್ಪೆನ್ಷನ್, ಮಂಜು, ಗಡಿಬಿಡಿ, ಎಲ್ಲ ಕಾರಣ ಹಚ್ಚಿ ನೋಡಿದ್ದೇನೆ. ಆ ಕೈಗೆ ಯಾವುದೂ ಹೊಂದುವುದಿಲ್ಲ. ನನ್ನ ಮಾತನ್ನೆಲ್ಲ ಅಂದು ಯಾರು ಕೇಳಿಸಿಕೊಂಡು ಇಳಿದುಹೋದರೋ ಗೊತ್ತಿಲ್ಲ. ಕೇಳಬೇಕಾಗಿದ್ದವಳು ಈಗಲೂ ಬೈಕ್ ಹತ್ತುವ ಮೊದಲು ಒಮ್ಮೆ ನನ್ನ ಮುಖ ನೋಡುತ್ತಾಳೆ.