ಕರಿ ಕಾರಿನ ಮುಖ, ಅಕ್ಕನ ಕೈ

ನೀರಿನಲ್ಲಿ ನೆನೆದ ವಾಟರ್ ಪೇಪರಿಗೆ ಒಂದು ವಾಸನೆ ಇರುತ್ತದೆ. ಮಕ್ಕಳು ಉಗುಳು ಹಚ್ಚಿ ಒರೆಸಿದ ಸ್ಲೇಟಿನ ವಾಸನೆಗೆ ಹತ್ತಿರದ್ದು. ಹೋದ ವಾರ ನಂಜನಗೂಡಿನ ನಮ್ಮ ಮನೆ ಗೇಟಿಗೆ ಬಣ್ಣ ಹೊಡೆಯಲು ಬಂದವನು ಆ ಉಪ್ಪುಕಾಗದವನ್ನು ಬಕೆಟ್ಟಿನಲ್ಲಿ ಅದ್ದಿ, ಕಬ್ಬಿಣವನ್ನು ಗುಂಡಗುಂಡಗೆ ಉಜ್ಜಲು ಶುರುಮಾಡಿದ. ಕಾಫಿ ಲೋಟ ಹಿಡಿದು ನಿಂತಿದ್ದ ನಾನು ಇದ್ದಕ್ಕಿದ್ದಂತೆ, "ಸುತ್ತಬೇಡ ಕಣಯ್ಯ, ನೆಟ್ಟಗೆ ಎಳಿ!" ಎಂದು ರೇಗಿಬಿಟ್ಟೆ. ಅವನು ಪಾಪ, ತಬ್ಬಿಬ್ಬಾಗಿ, "ಗೇಟು ತಾನೆ ಸಾ?" ಎಂದ. ನಿಜ, ಗೇಟು ತಾನೆ. ಆದರೆ ರೇಗಿದ್ದು ನಾನಲ್ಲ, ಅಕ್ಕ. ಇಪ್ಪತ್ತೈದು ವರ್ಷ ಕಳೆದ ಮೇಲೆ ಅವಳ ಮಾತು ನನ್ನ ಬಾಯಲ್ಲಿ ಬಂದಿತ್ತು...

ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ಪಕ್ಕದ ಮನೆಯವಳು. ಅವಳ ಊರು ಹತ್ತಿರದ ಹೆಡತಲೆ. ಗಂಡ ತೀರಿಕೊಂಡ ಮೇಲೆ ಪುಟ್ಟ ಮಗಳನ್ನು ಕಟ್ಟಿಕೊಂಡು ನಂಜನಗೂಡಿಗೆ ಬಂದು, ಮೈಸೂರು ರಸ್ತೆಯ ಕಲ್ಲು ಪಾಲಿಶ್ ಫ್ಯಾಕ್ಟರಿಗೆ ಸೇರಿದ್ದಳು. ಕರಿಕಲ್ಲಿನ ಚಪ್ಪಡಿಗಳನ್ನು ಕನ್ನಡಿಯಂತೆ ಮಾಡಿ ಹೊರದೇಶಕ್ಕೆ ಕಳಿಸುವ ಜಾಗ ಅದು. ಚಪ್ಪಡಿಯ ಮೇಲ್ಭಾಗಕ್ಕೆ ಅಲ್ಲಿ 'ಮುಖ' ಎನ್ನುತ್ತಿದ್ದರು. ಮುಖದ ಕೆಲಸ ಗಂಡಸರಿಗೆ, ಮೆಷಿನ್ನಿನಲ್ಲಿ. ಸುತ್ತಲಿನ ನಾಲ್ಕು ಅಂಚು ಹೆಂಗಸರಿಗೆ, ಬರಿಗೈಯಲ್ಲಿ. ಒಂಬತ್ತು ವರ್ಷ ಅಕ್ಕ ಅಂಚು ತಿಕ್ಕಿದ್ದಳು. ತನಗೂ ಮುಖ ಕೊಡಿ ಎಂದು ಕೇಳಿದಾಗಲೆಲ್ಲ ಅಲ್ಲಿನ ಮೇಸ್ತ್ರಿ, "ಏಯ್, ಬಂದ್ ಕೆಲಸ ನೋಡ್ಕಂಡ್ ಓಗು" ಎನ್ನುತ್ತಿದ್ದನಂತೆ. ಸಂಜೆ ಜಗಲಿ ಮೇಲೆ ಕೂತು ನನ್ನ ಹತ್ತಿರ ಉರಿದುಬೀಳುತ್ತಿದ್ದಳು. "ಒಂದೇ ಒಂದ್ ಮುಖ ಕೊಟ್ ನೋಡ್ಲಿ ಕಣ್ಲಾ ತಮ್ಮಾ. ಆಮೇಲ್ ಮಾತಾಡ್ಲಿ."

ನಾನು ಆಗ ಡ್ರೈವರು. ತೊಂಬತ್ತೇಳೋ ತೊಂಬತ್ತೆಂಟೋ ಇರಬೇಕು. ಟಿ. ನರಸೀಪುರದಲ್ಲಿ ಆಪರೇಷನ್ನಿಗೆ ಹೆಸರಾದ ಒಬ್ಬ ಡಾಕ್ಟರಿದ್ದರು, ಅವರ ಕರಿ ಅಂಬಾಸಿಡರ್ ಓಡಿಸುತ್ತಿದ್ದೆ. ಬಿಳಿ ಅಂಬಾಸಿಡರ್ ಊರಿಗೆ ಹತ್ತು ಇದ್ದವು, ಕರಿದು ಅದೊಂದೇ. ಅದರ ಸ್ಟೇರಿಂಗ್ ಹಿಂದೆ ಕೂತರೆ ನನಗೆ ನನ್ನಪ್ಪನೂ ಲೆಕ್ಕಕ್ಕಿರಲಿಲ್ಲ. ಅಷ್ಟು ಜಂಬ! ದಿನಾ ಬೆಳಗ್ಗೆ ಬಸ್ಸಿನಲ್ಲಿ ನರಸೀಪುರಕ್ಕೆ ಹೋಗಿ, ಮೊದಲು ಕಾರು ಒರೆಸಿ, ಆಮೇಲೆ ಬೇರೆ ಮಾತು.

ಆ ಒರೆಸುವುದೇ ಮುಳುವಾಯಿತು. ಡಾಕ್ಟರ ತಾಯಿ ದೊಡ್ಡ ಶಿವಭಕ್ತೆ. ಪ್ರತಿ ಸೋಮವಾರ ಪೂಜೆ ಮುಗಿಸಿ ಬಂದು ಕಾರಿನ ಬಾನೆಟ್ಟಿನ ಮೇಲೆ ಮೂರು ಬೆರಳಲ್ಲಿ ವಿಭೂತಿ ಎಳೆಯುತ್ತಿದ್ದರು. ಸಂಜೆ ನಾನು ಒಣಬಟ್ಟೆಯಲ್ಲಿ ಗುಂಡಗುಂಡಗೆ ಒರೆಸುತ್ತಿದ್ದೆ. ಎರಡು ವರ್ಷದಲ್ಲಿ ಬಾನೆಟ್ಟಿನ ಮೇಲೆ ಜೇಡರ ಬಲೆಯಂತೆ ಸುತ್ತುಸುತ್ತು ಗೆರೆಗಳು ಎದ್ದವು. ನೆರಳಿನಲ್ಲಿ ಏನೂ ಇಲ್ಲ, ಬಿಸಿಲಿಗೆ ತಂದರೆ ಸಾಕು, ಎಲ್ಲ ಎದ್ದು ಕಾಣುವುದು. ಡಾಕ್ಟರು ಒಂದು ದಿನ ಕನ್ನಡಕ ಸರಿಮಾಡಿಕೊಂಡು ನೋಡಿ, "ಹಿಂದಿನ ಡ್ರೈವರನ್ನ ಒಂದು ಗೀರಿಗೆ ಮನೆಗೆ ಕಳಿಸಿದ್ದೆ, ಗೊತ್ತಲ್ಲ?" ಎಂದಷ್ಟೇ ಹೇಳಿ ಒಳಗೆ ಹೋದರು.

ಆಮೇಲೆ ತಾಯಿ ಮಗ ಇಬ್ಬರೂ ಹನ್ನೆರಡು ದಿನದ ಕಾಶಿಯಾತ್ರೆಗೆ ಹೊರಟರು. ಬರುವುದರೊಳಗೆ ಗೆರೆ ತೆಗೆದು ಶಭಾಷ್ ಅನ್ನಿಸಿಕೊಳ್ಳೋಣ ಎಂದು ನನ್ನ ತಲೆಗೆ ಹೊಳೆಯಿತು. ನಮ್ಮವ್ವ ಕಪ್ಪುಗಟ್ಟಿದ ಹಿತ್ತಾಳೆ ಚೆಂಬನ್ನು ಫಳಫಳ ಮಾಡುವುದನ್ನು ನೋಡಿ ಬೆಳೆದವನು ನಾನು. ಪಾತ್ರೆ ತಿಕ್ಕುವ ಪುಡಿ, ತೆಂಗಿನ ನಾರು ತಂದೆ. ಬೆವರು ಹರಿಯುವಂತೆ ಒಂದು ಗಂಟೆ ತಿಕ್ಕಿದೆ. ನೀರು ಹಾಕಿ ತೊಳೆದು ನೋಡುತ್ತೇನೆ, ಶಿವನೇ, ಕರಿ ಬಾನೆಟ್ಟು ಬೂದಿ ಬಣ್ಣಕ್ಕೆ ತಿರುಗಿದೆ! ಎಮ್ಮೆ ಬೆನ್ನು ಮೇಲು. ಅಲ್ಲೇ ಶೆಡ್ಡಿನಲ್ಲಿ ಕುಕ್ಕರುಗಾಲಲ್ಲಿ ಕೂತುಬಿಟ್ಟೆ. ಕೆಲಸ ಹೋಯಿತು ಎನ್ನುವುದರಲ್ಲಿ ಅನುಮಾನವೇ ಉಳಿಯಲಿಲ್ಲ.

ಅವತ್ತು ಊಟ ಬಿಟ್ಟು ಜಗಲಿ ಮೇಲೆ ಕೂತಿದ್ದವನನ್ನು ಅಕ್ಕ ಗದರಿಸಿ ಬಾಯಿ ಬಿಡಿಸಿದಳು. ಪೂರ್ತಿ ಕೇಳಿಸಿಕೊಂಡು, "ಪಾತ್ರೆ ಪುಡೀಲಿ ತಿಕ್ಕಿದ್ಯಾ? ನಿನ್ ತಲೇಲ್ ಏನ್ಲಾ ಅದೆ, ಗೊಬ್ಬರವಾ?" ಎಂದು ನಕ್ಕಳು. ಬೆಳಗ್ಗೆ ಫ್ಯಾಕ್ಟರಿಗೆ ರಜೆ ಹಾಕಿ ನನ್ನ ಜೊತೆ ನರಸೀಪುರದ ಬಸ್ಸು ಹತ್ತಿದಳು.

ಕಾರನ್ನು ಬಿಸಿಲಿಗೆ ತೆಗೆಸಿದಳು. ಬಾನೆಟ್ಟಿನ ಮಟ್ಟಕ್ಕೆ ಕೆನ್ನೆ ಬಾಗಿಸಿ, ಒಂದು ಕಣ್ಣು ಮುಚ್ಚಿ, ಉದ್ದಕ್ಕೂ ನೋಡಿದಳು. ಬೆರಳಿನಿಂದ ಮುಟ್ಟಿದಳು. "ಒಣಬಟ್ಟೇಲಿ ಈಬೂತಿ ಒರೆಸ್ತಿದ್ಯಲ್ಲ, ಅದ್ರ ಜೊತೆ ಬೀದಿ ಧೂಳೂ ಇರ್ತದೆ. ಅದೇ ಸಾಣೆ ಆಯ್ತದೆ ಕಣ್ಲಾ. ಮ್ಯಾಲೆ ಈ ನಾರು ಬೇರೆ" ಎಂದು ನಿಟ್ಟುಸಿರುಬಿಟ್ಟಳು. ಗೀರನ್ನು ಯಾರೂ ಅಳಿಸಲು ಆಗುವುದಿಲ್ಲವಂತೆ. ಅದರ ಅಕ್ಕಪಕ್ಕವನ್ನು ಗೀರಿನ ಆಳಕ್ಕೆ ತಗ್ಗಿಸಬೇಕಂತೆ. ಆಗ ಗೀರು ತಾನಾಗಿ ಇಲ್ಲವಾಗುತ್ತದಂತೆ. ಕಲ್ಲಿಗೂ ಅದೇ, ಬಣ್ಣಕ್ಕೂ ಅದೇ.

"ಒಂದೇ ಫರಕು" ಎಂದಳು. "ಕಲ್ಲಿಗೆ ತಳ ಇಲ್ಲ. ಬಣ್ಣಕ್ಕೆ ತಳ ಅದೆ. ಅದೆಷ್ಟ್ ಆಳದಲ್ಲದೆ ಅಂತ ನಂಗೊತ್ತಿಲ್ಲ."

ತಳ ಕಂಡರೆ ಮುಗಿಯಿತು, ಕೆಳಗಿನ ಕೆಂಪು ಪ್ರೈಮರ್ ಎದ್ದುಬರುತ್ತದೆ. ಅದಕ್ಕೆ ಅವಳು ಕಾರನ್ನು ಮುಟ್ಟದೆ, ಹತ್ತಿರದ ಗ್ಯಾರೇಜಿನಲ್ಲಿ ಮೂಲೆಗೆಸೆದಿದ್ದ ಹಳೇ ಕರಿ ಬಾಗಿಲೊಂದನ್ನು ಕೇಳಿದಳು. ಗ್ಯಾರೇಜಿನವನಿಗೆ ತಮಾಷೆ. "ಮೆಷಿನ್ ಹಾಕಿದ್ರೆ ಅರ್ಧ ಗಂಟೆ ಕೆಲಸ, ನೋಡಮ್ಮ" ಎಂದು ಅದೇ ಬಾಗಿಲಿನ ಮೇಲೆ ಪಾಲಿಶ್ ಮೆಷಿನ್ ಓಡಿಸಿದ. ನಡುವೆ ಹೊಳಪು ಬಂದದ್ದು ನಿಜ. ಬಾಗಿಲಿನ ತಗಡು ಮಡಿದ ಏಣು ಬಂದ ಕಡೆ ಮೆಷಿನ್ನು ಒಮ್ಮೆ ಸವರಿತು ಅಷ್ಟೇ, ಬಣ್ಣ ಹಾರಿ ಕೆಂಪಗೆ ಹಲ್ಲು ಕಿರಿಯಿತು.

"ಮುಖ ಚೆಂದಾಗ್ ಬಂದದೆ. ಅಂಚು?" ಎಂದಳು ಅಕ್ಕ. ಗ್ಯಾರೇಜಿನವನು ಮೆಷಿನ್ನಿನ ವೈರು ಸುತ್ತತೊಡಗಿದ.

ಅವಳು ಅವತ್ತು ಸಾಯಂಕಾಲದವರೆಗೆ ಆ ಬಾಗಿಲನ್ನೇ ಉಜ್ಜಿದಳು. ಎಷ್ಟು ಸಲ ಎಳೆದರೆ ಕೆಂಪು ಕಾಣುತ್ತದೆ ಎಂದು ಬಾಯಲ್ಲಿ ಎಣಿಸುತ್ತ, ನಡುಭಾಗದಲ್ಲಿ, ಏಣಿನಲ್ಲಿ, ತಿರುವಿನಲ್ಲಿ ಬೇರೆಬೇರೆಯಾಗಿ. ಹೊರಡುವಾಗ ನನ್ನ ಕಡೆ ತಿರುಗಿ, "ಮಾಡ್ತೀನಿ. ಕೂಲಿ ಗೀಲಿ ಬ್ಯಾಡ. ಒಂದ್ ಮಾತ್ ಕೊಡು. ಆದ್ಮ್ಯಾಲೆ ಈ ಕಾರ್ನ ನಮ್ ಫ್ಯಾಕ್ಟ್ರಿ ಗೇಟಿನ್ ಮುಂದೆ, ನಡುಮಧ್ಯಾಹ್ನದ ಬಿಸಿಲಲ್ಲಿ ತಂದ್ ನಿಲ್ಲುಸ್ಬೇಕು. ಮೇಸ್ತ್ರಿ ನೋಡ್ಬೇಕು" ಎಂದಳು. ಕೆಲಸ ಹೋಗುವ ಭಯದಲ್ಲಿದ್ದ ನಾನು ಹಿಂದುಮುಂದು ನೋಡದೆ ಅವಳ ಕೈಮೇಲೆ ಕೈಯಿಟ್ಟೆ.

ಮುಂದಿನ ನಾಲ್ಕು ದಿನ ಅವಳು ಕೆಲಸ ಮಾಡಿದ್ದನ್ನು ಹೇಳಬೇಕು. ಅಂಗಡಿಯಲ್ಲಿ ಸಿಗುವುದರಲ್ಲೇ ಅತಿ ನುಣುಪಾದ ವಾಟರ್ ಪೇಪರ್ ತರಿಸಿದಳು. ರಾತ್ರಿಯಿಡೀ ನೆನೆಹಾಕಿ, ಬೆಳಗ್ಗೆ ಎರಡನ್ನು ಮುಖಾಮುಖಿ ಉಜ್ಜಿ ಅದರ ಸೊಕ್ಕು ಮುರಿದಳು. ಸೋಪಿನ ನೀರು ಹನಿಸಿಕೊಂಡು, "ಸುತ್ತಬಾರ್ದು ಕಣ್ಲಾ, ನೆಟ್ಟಗ್ ಎಳೀಬೇಕು" ಎನ್ನುತ್ತ ಅಂಗೈಯಗಲದ ಜಾಗದಲ್ಲಿ ಉದ್ದಕ್ಕೆ ಎಳೆದಳು. ಆಮೇಲೆ ಇನ್ನೂ ನುಣುಪು ಕಾಗದದಲ್ಲಿ ಅಡ್ಡಕ್ಕೆ. ಅಡ್ಡಗೆರೆ ಬಂದು ಉದ್ದಗೆರೆ ಪೂರ್ತಿ ಕಾಣೆಯಾದರೆ ಮಾತ್ರ ಮುಂದಿನ ಅಂಗೈ. ಏಣು ಬಂತೆಂದರೆ ಕಾಗದ ಪಕ್ಕಕ್ಕಿಟ್ಟು, ಬರೀ ಬೆರಳ ತುದಿಗೆ ಬಟ್ಟೆ ಸುತ್ತಿ ಸವರುತ್ತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ತುಟಿ ಕಚ್ಚಿಕೊಂಡು, ಉಸಿರನ್ನೂ ಅಳೆದು ಬಿಡುತ್ತಿದ್ದಳು. ಮಾತಾಡಿಸಿದರೆ ಬೈಗುಳ.

ಬಾನೆಟ್ಟೆಲ್ಲ ಮಂಕಾದಾಗ ನನಗೆ ಅಳುವೇ ಬಂತು. ಆಮೇಲೆ ಪಾಲಿಶ್ ಮುಲಾಮು ಹಾಕಿ ಉಜ್ಜಲು ಬದನವಾಳಿನ ಖಾದಿ ಕೇಳಿದಳು. ಹೊಸದಲ್ಲ, ನಮ್ಮಪ್ಪ ಉಟ್ಟು ಉಟ್ಟು ಹತ್ತಿಯ ಹಂಜಿಯಂತೆ ಮೆತ್ತಗಾಗಿದ್ದ ಪಂಚೆ. ಅದರಲ್ಲಿ ಉಜ್ಜಿದರೆ ಬಟ್ಟೆಗೆ ಕಾಡಿಗೆಯಂತೆ ಕಪ್ಪು ಹತ್ತಿತು. "ಅಕ್ಕಾ, ಬಣ್ಣಾನೇ ಬರ್ತಾ ಅದೆ!" ಎಂದು ಕೂಗಿಕೊಂಡೆ. "ಬರ್ದೆ? ಸುಮ್ಕೆ ಕುಂತ್ಕೊ. ಕಪ್ಪು ಬಂದ್ರೆ ನಂದು, ಕೆಂಪು ಬಂದ್ರೆ ನಿಂದು" ಎಂದಳು.

ಕೆಂಪು ಬರಲಿಲ್ಲ. ಒಂದು ಕಡೆಯೂ ಬರಲಿಲ್ಲ. ನಾಲ್ಕನೇ ದಿನ ಹನ್ನೊಂದು ಗಂಟೆಗೆ ಕಾರನ್ನು ಬಿಸಿಲಿಗೆ ತೆಗೆದೆ. ಮೇಲಿನ ಹೊಂಗೆಮರದ ಎಲೆ ಎಲೆಯೂ ಬಾನೆಟ್ಟಿನಲ್ಲಿ ಬಿಡಿಬಿಡಿಯಾಗಿ ಕಾಣುತ್ತಿತ್ತು. ಸೂರ್ಯ ಒಂದು ಚುಕ್ಕೆಯಾಗಿ ನಿಂತಿದ್ದ, ಸುತ್ತ ಒಂದೂ ಗೆರೆ ಇಲ್ಲ. ಅಕ್ಕ ಕೆನ್ನೆ ಬಾಗಿಸಿ ನೋಡಿದಳು. ಎದ್ದಾಗ ಕಣ್ಣು ಒದ್ದೆಯಾಗಿತ್ತು. "ಮುಖ ಕಣ್ಲಾ" ಎಂದಳು, ಅಷ್ಟೇ.

ಡಾಕ್ಟರಿಲ್ಲದಾಗ ಕಾರನ್ನು ಊರಾಚೆ ಒಯ್ಯುವ ಧೈರ್ಯವಿರಲಿಲ್ಲ, ಅಕ್ಕನಿಗೆ ಕೊಟ್ಟ ಮಾತು ಬಾಕಿಯೇ ಇತ್ತು. ಡಾಕ್ಟರು ಬರುವ ದಿನ ಮೈಸೂರು ಸ್ಟೇಷನ್ನಿಗೆ ಹೋದೆ. ಕಾಶಿಯಿಂದ ತಂದ ಗಂಗೆಯನ್ನು ಮೊದಲು ನಂಜುಂಡೇಶ್ವರನಿಗೆ ಒಪ್ಪಿಸಿಯೇ ಮನೆಗೆ ಹೋಗುವುದೆಂದು ತಾಯಿ ಹಟ ಹಿಡಿದರು. ಅಂದರೆ ದಾರಿಯಲ್ಲೇ ಫ್ಯಾಕ್ಟರಿ! ರೇಡಿಯೇಟರ್ ಬಿಸಿಯಾಯಿತು ಎಂದು ಗೇಟಿನ ಮುಂದೆ ನಿಲ್ಲಿಸಿ ನೀರು ಕೇಳುವುದು, ಮೇಸ್ತ್ರಿ ನೋಡುವುದು, ಹೊರಡುವುದು. ಡಾಕ್ಟರಿಗೆ ಏನೂ ಗೊತ್ತಾಗುವುದಿಲ್ಲ. ಅಕ್ಕನ ಮಾತೂ ಉಳಿಯಿತು, ನನ್ನ ಕೆಲಸವೂ ಉಳಿಯಿತು. ಎಂಥ ಬುದ್ಧಿವಂತ ನಾನು ಎಂದು ಬೀಗುತ್ತ ಗೇಟಿನ ಮುಂದೆ ಬ್ರೇಕ್ ಹಾಕಿದೆ.

ಊಟದ ಹೊತ್ತು. ಹೆಂಗಸರು ಗಂಡಸರು ಹೊರಗೆ ಬಂದಿದ್ದರು. ಅಕ್ಕ ಗೇಟಿನ ಕಂಬಕ್ಕೆ ಒರಗಿ ನಿಂತಿದ್ದಳು, ಮೈಯೆಲ್ಲ ಕಲ್ಲಿನ ಕೆಸರು. ಮೇಸ್ತ್ರಿ ಕಾರಿನ ಹೊಳಪು ಕಂಡು ತಾನಾಗಿ ಹತ್ತಿರ ಬಂದ. ಕಸುಬಿನವನಲ್ಲವೇ, ಕಣ್ಣು ಬಿಡಲಿಲ್ಲ. ಬಗ್ಗಿ ನೋಡಿದ. ಏಣುಗಳ ಮೇಲೆ ಉಗುರಾಡಿಸಿದ. "ಪಸಂದಾಗದೆ! ಯಾವ ಮೆಷಿನ್ನು? ಯಾರ್ ಮಾಡಿದ್ದು?" ಎಂದು ಕೇಳಿದ.

ಡಾಕ್ಟರು ಹಿಂದಿನ ಸೀಟಿನಿಂದ ಇಳಿದು ನನ್ನ ಪಕ್ಕಕ್ಕೇ ಬಂದಿದ್ದರು. "ಹೌದು, ನಾನೂ ಕೇಳ್ಬೇಕು ಅಂತಿದ್ದೆ. ಯಾರು ಮಾಡಿದ್ದು?" ಎಂದರು. ನಾನೇ ಸಾ ಎಂದರೆ ಶಭಾಷ್. ಅಕ್ಕ ಎಂದರೆ ಯಾಕೆ ಮಾಡಬೇಕಾಯಿತು ಎಂಬುದೆಲ್ಲ ಹೊರಗೆ ಬರುತ್ತದೆ, ಅಲ್ಲಿಗೆ ನನ್ನ ಕಥೆ ಮುಗಿಯುತ್ತದೆ. ಅಕ್ಕ ನನ್ನನ್ನೇ ನೋಡುತ್ತಿದ್ದಳು. ಹೇಳು ಎಂದೂ ಇಲ್ಲ, ಬೇಡ ಎಂದೂ ಇಲ್ಲ ಆ ನೋಟದಲ್ಲಿ.

"ಹಾಳ್ಮಾಡಿದ್ದು ನಾನು ಸಾ. ಪಾತ್ರೆ ಪುಡಿ ಹಾಕಿ ತಿಕ್ಕಿಬಿಟ್ಟೆ. ಸರಿಮಾಡಿದ್ದು ಅಗೋ, ಅವ್ಳು. ನಮ್ಮಕ್ಕ. ಬರಿಗೈಲಿ" ಎಂದುಬಿಟ್ಟೆ.

ಡಾಕ್ಟರು ನನ್ನ ಮುಖ ನೋಡಲಿಲ್ಲ. ಕಾರನ್ನು ಒಂದು ಸುತ್ತು ಬಂದರು. ಆಮೇಲೆ ನೇರ ಅಕ್ಕನ ಹತ್ತಿರ ಹೋಗಿ, "ನಾನು ದಿನಾ ಜನಗಳಿಗೆ ಹೊಲಿಗೆ ಹಾಕ್ತೀನಮ್ಮ. ನನ್ನ ಹೊಲಿಗೆಗೂ ಗುರುತು ಉಳಿಯುತ್ತೆ. ಇದನ್ನ ಎಲ್ಲಿ ಕಲಿತ್ರಿ ನೀವು?" ಎಂದರು.

ನೀವು! ಒಂಬತ್ತು ವರ್ಷ 'ಏಯ್' ಅನ್ನಿಸಿಕೊಂಡ ಗೇಟಿನ ಮುಂದೆ, ಅದೇ ಮೇಸ್ತ್ರಿಯ ಎದುರಿಗೆ. ಅಕ್ಕ ಕೆಸರಿನ ಕೈಯನ್ನು ಸೀರೆಗೆ ಒರೆಸಿಕೊಂಡು, "ಇಲ್ಲೇ ಸಾ. ಅಂಚಲ್ಲಿ" ಎಂದಳು. ನನ್ನ ಎದೆ ಅವತ್ತು ಉಬ್ಬಿದಷ್ಟು ನನ್ನ ಮದುವೆಯಲ್ಲೂ ಉಬ್ಬಿರಲಿಲ್ಲ.

ಅಷ್ಟರಲ್ಲಿ ಡಾಕ್ಟರ ತಾಯಿ ಕಾರಿಳಿದು, ಕಾಶಿಯ ವಿಭೂತಿ ಪೊಟ್ಟಣ ಬಿಚ್ಚಿ ಬಾನೆಟ್ಟಿನ ಕಡೆ ಕೈ ಚಾಚಿದರು. ಅಕ್ಕ ಓಡಿಬಂದು, "ಅವ್ವಾರೇ, ನಿಮ್ ದಮ್ಮಯ್ಯ, ಗಾಜಿನ್ ಮ್ಯಾಲೆ ಇಕ್ಕಿ!" ಎಂದು ಕೈಮುಗಿದಳು. ಎಲ್ಲರೂ ಗೊಳ್ಳೆಂದು ನಕ್ಕರು. ಅವರು ಒಪ್ಪಿದರು. ಅಲ್ಲಿಂದ ಮುಂದೆ ಸೋಮವಾರ ಸೋಮವಾರ ನಾನು ಮೂರು ಪಟ್ಟೆಯ ಸಂದಿಯಿಂದ ರಸ್ತೆ ನೋಡಿಕೊಂಡು ಗಾಡಿ ಓಡಿಸಿದೆ. ಹೌದು, ಓಡಿಸಿದೆ, ಕೆಲಸ ಹೋಗಲಿಲ್ಲ. ಒಂದು ವಾರ ಡಾಕ್ಟರು ನನ್ನನ್ನು ಮಾತಾಡಿಸಲಿಲ್ಲ ಅಷ್ಟೇ.

ತಿಂಗಳೊಳಗೆ ಅಕ್ಕನಿಗೆ ಮುಖ ಕೊಟ್ಟರು. ಮೆಷಿನ್ನಿನಲ್ಲಿ ಆಗದ, ಬಳುಕಿನ ಕೆಲಸವಿರುವ ಕಲ್ಲುಗಳೆಲ್ಲ ಅವಳ ಕೈಗೇ. ಬಹುಪಾಲು ಹೊರದೇಶದವರ ಸಮಾಧಿಗೆ ಹಾಕುವ ಕಲ್ಲುಗಳು. "ಯಾರ್ ಮಕ್ಳೋ, ಯಾರ್ ತಾಯ್ದೀರೋ... ಚೆಂದಾಗ್ ಮಾಡ್ಬೇಕಲ್ವ" ಎನ್ನುತ್ತಿದ್ದಳು. ಹತ್ತು ಹನ್ನೆರಡು ವರ್ಷ ಮಾಡಿದಳು. ಆಮೇಲೆ ಕಲ್ಲಿನ ಧೂಳಿಗೆ ಕೆಮ್ಮು ಹತ್ತಿತು. ಕೆಲಸ ಬಿಟ್ಟಳು, ಕೆಮ್ಮು ಬಿಡಲಿಲ್ಲ...

ಅವಳು ಹೋಗಿ ಎರಡು ವರ್ಷವಾಯಿತು. ಹೆಡತಲೆಯಲ್ಲೇ ಮಣ್ಣು ಮಾಡಿದರು. ವರ್ಷದ ಕಾರ್ಯದ ಹೊತ್ತಿಗೆ ಒಂದು ಕರಿಕಲ್ಲು ಹಾಕಿಸೋಣ ಎಂದು ಅವಳ ಮಗಳನ್ನು ಕರೆದುಕೊಂಡು ಮೈಸೂರು ರಸ್ತೆಯ ಕಲ್ಲಿನ ಅಂಗಡಿಗಳಿಗೆ ಹೋದೆ. ಒಂದಕ್ಕಿಂತ ಒಂದು ಹೊಳೆಯುವ ಕಲ್ಲುಗಳು. ಒಂದು ನನಗೆ ಬಹಳ ಹಿಡಿಸಿತು. ಮಗಳು ಮುಖವನ್ನು ನೋಡಲೇ ಇಲ್ಲ. ಅಂಚಿನ ಮೇಲೆ ಉದ್ದಕ್ಕೂ ಹೆಬ್ಬೆರಳು ಎಳೆದಳು, ಅಲ್ಲಲ್ಲಿ ಬೆರಳು ತಡೆಯಿತು. ಪಕ್ಕದ್ದನ್ನೂ ಹಾಗೇ ನೋಡಿದಳು, ಅದರ ಪಕ್ಕದ್ದನ್ನೂ.

"ಬ್ಯಾಡ ಬುಡು ಮಾವ. ಇದ್ನ ತಕ್ಕಂಡ್ ಓಗಿ ಅವ್ವನ್ ಮ್ಯಾಲೆ ಇಕ್ಕಕ್ಕಾಯ್ತದಾ?" ಎಂದಳು.

ಮೂರು ಅಂಗಡಿ ಸುತ್ತಿದೆವು. ಬರಿಗೈಯಲ್ಲಿ ವಾಪಸ್ ಬಂದೆವು. ಅಕ್ಕನ ಮಣ್ಣಿನ ಮೇಲೆ ಇವತ್ತಿಗೂ ಕಲ್ಲಿಲ್ಲ.